ಕಾಡು ತೆಳುಗೊಳಿಸಿದ ಮೇಲೂ ಗೂಬೆಗಳನ್ನು ಎಣಿಸುತ್ತಿರಬೇಕು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾಳ್ಗಿಚ್ಚುಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಒತ್ತೊತ್ತಾಗಿ ಬೆಳೆದ ಮರಗಳಲ್ಲಿ ಒಂದಷ್ಟನ್ನು ಕಡಿದು ಕಾಡನ್ನು ತೆಳುಗೊಳಿಸಿದರೆ, ಅಂದರೆ ಅರಣ್ಯದವರು ಥಿನ್ನಿಂಗ್ ಎನ್ನುವ ಕೆಲಸ ಮಾಡಿದರೆ, ಬೆಂಕಿಯ ಅಪಾಯ ತಗ್ಗುತ್ತದೆ. ಆದರೆ ಒಂದು ಜಾತಿಯ ಗೂಬೆಯನ್ನು ಕಾಪಾಡುವ ನಿಯಮಗಳು ಅದಕ್ಕೆ ಅಡ್ಡ ಬಂದಿವೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ಇದೇ ಗೂಬೆಯ ಅಧ್ಯಯನ ನಡೆಸುತ್ತಿದ್ದ ತಂಡವೊಂದರಲ್ಲಿ ನಾನು ಎರಡು ವರ್ಷ, ಗೂಡುಕಟ್ಟುವ ಕಾಲದುದ್ದಕ್ಕೂ, ಕ್ಷೇತ್ರ ಸಹಾಯಕಿಯಾಗಿ ದುಡಿದಿದ್ದೇನೆ. ಗೂಬೆ ಬೇಕೋ ಸುರಕ್ಷಿತ ಕಾಡು ಬೇಕೋ ಎಂದು ಒಂದರ ಎದುರು ಇನ್ನೊಂದನ್ನು ನಿಲ್ಲಿಸುವುದು ಅಲ್ಲಿ ಕಂಡ ವಾಸ್ತವಕ್ಕೆ ಹೊಂದುವುದಿಲ್ಲ. ಆದ್ದರಿಂದ ಈ ಪತ್ರ.

ಲೇಖನದಲ್ಲಿ ಹೆಸರಿಸದೆ ಬಿಟ್ಟ ಆ ಹಕ್ಕಿ ಸ್ಪಾಟೆಡ್ ಔಲ್, ಕನ್ನಡದಲ್ಲಿ ಚುಕ್ಕೆ ಗೂಬೆ ಎನ್ನಬಹುದು. ಅದರಲ್ಲಿ ಉತ್ತರದ್ದು, ಕ್ಯಾಲಿಫೋರ್ನಿಯಾದ್ದು, ಮೆಕ್ಸಿಕೊದ್ದು ಎಂದು ಮೂರು ಉಪಜಾತಿಗಳಿವೆ. ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವ, ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ, ಕಪ್ಪೆನ್ನುವಷ್ಟು ಗಾಢವಾದ ಕಣ್ಣುಗಳ ಹಕ್ಕಿ ಅದು. ತಾನಾಗಿ ಗೂಡು ಕಟ್ಟುವುದಿಲ್ಲ. ಹಳೆಯ ಮರದ ಪೊಟರೆ, ಗಾಳಿಗೆ ಮುರಿದ ತುದಿ, ಬೇರೆ ಪ್ರಾಣಿಗಳು ಬಿಟ್ಟುಹೋದ ಅಟ್ಟಣೆ ಇಂಥವುಗಳಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಅದೂ ಪ್ರತಿ ವರ್ಷವಲ್ಲ. ಹಾರುವ ಅಳಿಲು ಮತ್ತು ವುಡ್‌ರ್ಯಾಟ್ ಎಂಬ ಕಾಡಿಲಿ ಅದರ ಮುಖ್ಯ ಆಹಾರ. ಒಂದು ಜೋಡಿ ಒಮ್ಮೆ ನೆಲೆ ನಿಂತಿತೆಂದರೆ ವರ್ಷಾನುಗಟ್ಟಲೆ ಆ ಜಾಗವನ್ನು ಬಿಡುವುದಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ನಾನು ಹೇಳಬೇಕಾದ ವಿಷಯವೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಕಾಡಿನ ಕಥೆ. ಸಿಯೆರಾದ ಪೈನ್, ಫರ್, ಸೀಡರ್ ಮರಗಳ ಮಿಶ್ರ ಕಾಡಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಸುಮಾರು 10ರಿಂದ 20 ವರ್ಷಗಳಿಗೊಮ್ಮೆ ಬೆಂಕಿ ಹಾದುಹೋಗುತ್ತಿತ್ತು. ಕೆಲವನ್ನು ಸಿಡಿಲು ಹೊತ್ತಿಸುತ್ತಿತ್ತು, ಕೆಲವನ್ನು ಮಿವೊಕ್, ಮೈಡು, ಮೋನೊ ಮುಂತಾದ ಮೂಲನಿವಾಸಿಗಳು ತಿಳಿದೇ ಹಚ್ಚುತ್ತಿದ್ದರು. ಅದು ಹೆಚ್ಚಾಗಿ ನೆಲಬೆಂಕಿ. ತರಗೆಲೆಯನ್ನೂ ಎಳೆಯ ಸಸಿಗಳನ್ನೂ ಸುಟ್ಟು, ದಪ್ಪ ತೊಗಟೆಯ ಹಿರಿಮರಗಳನ್ನು ಉಳಿಸಿ ಮುಂದೆ ಸಾಗುತ್ತಿತ್ತು. ಕ್ಯಾಲಿಫೋರ್ನಿಯಾದ 1850ರ ಕಾನೂನು ಮೂಲನಿವಾಸಿಗಳು ಬೆಂಕಿ ಹಚ್ಚುವುದನ್ನು ಅಪರಾಧವಾಗಿಸಿತು. 1910ರಲ್ಲಿ ಐಡಾಹೊ, ಮೊಂಟಾನಾಗಳಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟ ಮೇಲಂತೂ ಕೇಂದ್ರ ಸರ್ಕಾರದ ಅರಣ್ಯ ಸೇವೆಗೆ ಬೆಂಕಿ ಎಂದರೆ ಶತ್ರುವೇ ಆಯಿತು. 1935ರಲ್ಲಿ, ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನೀತಿ ಬಂತು. ಅದೇ ಕಾಲದಲ್ಲಿ ದಪ್ಪ ಮರಗಳೆಲ್ಲ ಗರಗಸದ ಮಿಲ್ಲುಗಳಿಗೆ ಹೋದವು. ಹೀಗೆ ಹಿರಿಯ ಮರಗಳು ಹೋಗಿ, ಬೆಂಕಿಯಿಲ್ಲದೆ ಕಿರಿಯ ಮರಗಳು ಕಿಕ್ಕಿರಿದು, ನೆಲದಿಂದ ನೆತ್ತಿಯವರೆಗೆ ಬೆಂಕಿ ಹತ್ತಲು ಏಣಿಯಿಟ್ಟಂತಾಯಿತು. ಬರ ಮತ್ತು ತೊಗಟೆ ಕೊರೆಯುವ ದುಂಬಿಗಳ ಹಾವಳಿಯಿಂದ 2010ರಿಂದ 2017ರವರೆಗೆ ಆ ಒಂದು ರಾಜ್ಯದಲ್ಲಿ 12.9 ಕೋಟಿ ಮರಗಳು ಒಣಗಿದವೆಂದು ವಿಮಾನ ಸಮೀಕ್ಷೆಗಳು ಅಂದಾಜಿಸಿದವು. 2021ರ ಡಿಕ್ಸಿ ಎಂಬ ಹೆಸರಿನ ಬೆಂಕಿ ಒಂದೇ 9.6 ಲಕ್ಷ ಎಕರೆಗೂ ಹೆಚ್ಚು ವ್ಯಾಪಿಸಿತು. ಕಾಡನ್ನು ಒತ್ತಾಗಿಸಿದ್ದು ಗೂಬೆಯಲ್ಲ, ಗೂಬೆಯ ಕಾನೂನೂ ಅಲ್ಲ. ಉತ್ತರದ ಚುಕ್ಕೆ ಗೂಬೆ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ್ದು 1990ರಲ್ಲಿ, ಮೆಕ್ಸಿಕೊದ್ದು ಸೇರಿದ್ದು 1993ರಲ್ಲಿ. ಕ್ಯಾಲಿಫೋರ್ನಿಯಾದ್ದನ್ನು ಸೇರಿಸುವ ಪ್ರಸ್ತಾವ ಬಂದದ್ದೇ 2023ರ ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗೆ ಕಾಡು ಕೆಟ್ಟು ನೂರು ವರ್ಷವಾಗಿತ್ತು.

ನಿಯಮಗಳೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಸಿಯೆರಾದ ರಾಷ್ಟ್ರೀಯ ಅರಣ್ಯಗಳಲ್ಲಿ ಗೂಬೆಯ ಪ್ರತಿ ನೆಲೆಯ ಸುತ್ತ 300 ಎಕರೆಯಷ್ಟು ಒಳ್ಳೆಯ ಕಾಡನ್ನು ಗುರುತಿಸಿ ಕಾಯ್ದಿಡಬೇಕಿತ್ತು. 30 ಇಂಚಿಗಿಂತ ದಪ್ಪ ಮರಗಳನ್ನು ಕಡಿಯುವಂತಿರಲಿಲ್ಲ. ಮಾರ್ಚ್ 1ರಿಂದ ಆಗಸ್ಟ್ 15ರವರೆಗೆ ಗೂಡಿನ ಸುತ್ತ ಕಾಲು ಮೈಲಿಯೊಳಗೆ ಯಂತ್ರಗಳ ಸದ್ದಾಗಬಾರದಿತ್ತು. ಇವು ಕೆಲಸವನ್ನು ನಿಧಾನಗೊಳಿಸಿರಬಹುದು. ಆದರೆ ಗೂಬೆಯ ನೆಲೆಗಳ ಹೊರಗೆ ಬಿದ್ದಿರುವ ಲಕ್ಷಾಂತರ ಎಕರೆಯಲ್ಲೂ ಥಿನ್ನಿಂಗ್ ಆಗಬೇಕಾದಷ್ಟು ಆಗಿರಲಿಲ್ಲ ಎಂಬುದನ್ನು ಮರೆಯಬಾರದು. ಕಡಿಯಬೇಕಾದ ಸಣ್ಣ ಮರಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಕಡಿದಾದ ಇಳಿಜಾರಿಗೆ ಯಂತ್ರ ಹತ್ತುವುದಿಲ್ಲ, ಬೇಸಿಗೆ ಬಂದೊಡನೆ ಇಲಾಖೆಯ ಹಣವೂ ಜನವೂ ಬೆಂಕಿ ಆರಿಸಲು ಹೊರಟುಬಿಡುತ್ತವೆ.

ಈಗ ಗೂಬೆಯ ಎಣಿಕೆ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ಚರ್ಚೆಯಲ್ಲಿ ಬಳಕೆಯಾಗುವ ಪ್ರತಿಯೊಂದು ಅಂಕಿಯೂ ಹುಟ್ಟುವುದು ಇಲ್ಲಿಂದ. ಕತ್ತಲಾದ ಮೇಲೆ ನಕ್ಷೆಯಲ್ಲಿ ಮೊದಲೇ ಗುರುತಿಸಿದ ಜಾಗಕ್ಕೆ ಹೋಗಿ, ಗಂಡುಗೂಬೆಯ ನಾಲ್ಕು ಸ್ವರದ ಕೂಗನ್ನು ಬಾಯಿಂದಲೋ ಸ್ಪೀಕರಿನಿಂದಲೋ ಹೊರಡಿಸುತ್ತೇವೆ: ಮೊದಲು ಒಂದು ಗೂ, ಬಿಡುವು, ಜೋಡಿಯಾಗಿ ಎರಡು, ಮತ್ತೆ ಬಿಡುವು, ಕೊನೆಗೆ ಎಳೆದ ಒಂದು ಗೂ. ಆಮೇಲೆ ಹತ್ತು ನಿಮಿಷ ಅಲುಗಾಡದೆ ಕಿವಿಗೊಡುವುದು. ಉತ್ತರ ಬಂದರೆ ದಿಕ್ಸೂಚಿಯಲ್ಲಿ ದಿಕ್ಕು ಹಿಡಿದು ಗಂಟೆಯ ಸಮೇತ ಬರೆದಿಟ್ಟು, ಹಗಲಿನಲ್ಲಿ ಅದೇ ದಿಕ್ಕಿಗೆ ನಡೆದು ಹಕ್ಕಿಯನ್ನು ಹುಡುಕಬೇಕು. ಮರದ ಬುಡದಲ್ಲಿ ಸುಣ್ಣ ಚೆಲ್ಲಿದಂಥ ಹಿಕ್ಕೆಯ ಕಲೆ ಮತ್ತು ಕೂದಲು, ಮೂಳೆ ಸೇರಿಸಿ ಗೂಬೆ ಕಕ್ಕಿದ ಬೂದುಬಣ್ಣದ ಉಂಡೆಗಳು ಕಂಡವೆಂದರೆ ತಲೆಯೆತ್ತಿ ನೋಡಬಹುದು. ಅಂಥ ಒಂದು ಉಂಡೆಯನ್ನು ಮೊದಲ ಸಲ ಬಿಡಿಸಿದಾಗ ಅಕ್ಕಿಕಾಳಿನಷ್ಟು ಸಣ್ಣ ದವಡೆಯಲ್ಲಿ ಹಲ್ಲುಗಳು ಇನ್ನೂ ಸಾಲಾಗಿ ಕೂತಿದ್ದದ್ದು ನನಗೆ ನೆನಪಿದೆ.

ಹಕ್ಕಿ ಸಿಕ್ಕ ಮೇಲೆ ಜೀವಂತ ಇಲಿಯೊಂದನ್ನು ಅದಕ್ಕೆ ಕಾಣುವಂತೆ ಕೊಂಬೆಯ ಮೇಲೆ ಬಿಡುತ್ತೇವೆ. ಗಂಡು ಸದ್ದೇ ಇಲ್ಲದೆ ಇಳಿದು ಇಲಿಯನ್ನು ಎತ್ತಿಕೊಳ್ಳುತ್ತದೆ. ಅಲ್ಲೇ ಕೂತು ತಿಂದರೆ ಆ ವರ್ಷ ಸಂಸಾರವಿಲ್ಲದಿರಬಹುದು. ಎತ್ತಿಕೊಂಡು ಹಾರಿತೆಂದರೆ ಹೆಣ್ಣಿನ ಬಳಿಗೋ ಮರಿಗಳ ಬಳಿಗೋ ಹೊರಟಿದೆ ಎಂದು ತಿಳಿದು, ಬಿದ್ದ ಮರಗಳನ್ನು ದಾಟುತ್ತ, ಕಣ್ಣು ಮಾತ್ರ ಮೇಲಿಟ್ಟು ಅದರ ಹಿಂದೆ ಓಡಬೇಕು. ಗೂಡು ಗೊತ್ತಾಗುವುದು ಹೀಗೆ. ಕಾಲಿಗೆ ತೊಡಿಸಿದ ಬಣ್ಣದ ಪಟ್ಟಿಯನ್ನು ದೂರದರ್ಶಕದಲ್ಲಿ ಓದಿದರೆ ಆ ಹಕ್ಕಿ ಯಾವುದು, ಎಲ್ಲಿ ಹುಟ್ಟಿದ್ದು, ಕಳೆದ ವರ್ಷ ಯಾರ ಜೊತೆಗಿತ್ತು ಎಂಬುದೆಲ್ಲ ತಿಳಿಯುತ್ತದೆ. ಒಂದು ರಾತ್ರಿ ಉತ್ತರ ಬರಲಿಲ್ಲವೆಂದು ಆ ನೆಲೆ ಖಾಲಿ ಎಂದು ಬರೆಯುವಂತಿಲ್ಲ; ಬೇರೆ ಬೇರೆ ರಾತ್ರಿಗಳಲ್ಲಿ ಮತ್ತೆ ಮತ್ತೆ ಹೋಗಿ ಕೂಗಿ, ಪ್ರತಿ ಸಲವೂ ಸುಮ್ಮನೆ ಹಿಂತಿರುಗಿದ ಮೇಲಷ್ಟೇ ಆ ಮಾತನ್ನು ಬರೆಯಬಹುದು.

ಈ ಬಗೆಯ ಎಣಿಕೆ ಎಲ್ಡೊರಾಡೊ ರಾಷ್ಟ್ರೀಯ ಅರಣ್ಯದಲ್ಲಿ 1986ರಿಂದ ನಡೆದುಬಂದಿತ್ತು. 2014ರ ಸೆಪ್ಟೆಂಬರಿನಲ್ಲಿ ಅಲ್ಲಿಗೇ ಕಿಂಗ್ ಬೆಂಕಿ ನುಗ್ಗಿ 97,000 ಎಕರೆಗೂ ಹೆಚ್ಚನ್ನು ಸುಟ್ಟಿತು. ಅದರ ಸುಮಾರು ಅರ್ಧದಷ್ಟು ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲ ಮರಗಳೂ ಸತ್ತವು. ಬೆಂಕಿಗೆ ಮುಂಚಿನ ದಾಖಲೆ ಕೈಯಲ್ಲಿದ್ದುದರಿಂದಲೇ ಸಂಶೋಧಕರು ಹಿಂದೆ ಮುಂದೆ ಹೋಲಿಸಿ ನೋಡಲು ಸಾಧ್ಯವಾಯಿತು. ಅರ್ಧಕ್ಕಿಂತ ಹೆಚ್ಚು ಭಾಗ ತೀವ್ರವಾಗಿ ಸುಟ್ಟ ನೆಲೆಗಳು ಮರುವರ್ಷ ಖಾಲಿಯಾಗುವ ಸಂಭವ, ಅವೇ ನೆಲೆಗಳಲ್ಲಿ ಬೆಂಕಿಗೆ ಮುಂಚೆ ಇದ್ದದ್ದಕ್ಕಿಂತ ಏಳು ಪಟ್ಟು ಹೆಚ್ಚೆಂದು 2016ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಅಂದಮೇಲೆ ಮಹಾ ಬೆಂಕಿಯಿಂದ ಕಾಡನ್ನು ಉಳಿಸುವುದು ಗೂಬೆಗೂ ಬೇಕಾದದ್ದೇ.

ಇದಕ್ಕೆ ವಿರುದ್ಧವಾದ ವಾದವೂ ಇದೆ, ಅದನ್ನು ಬದಿಗೆ ಸರಿಸುವುದು ಸರಿಯಲ್ಲ. 2002ರ ಮೆಕ್‌ನ್ಯಾಲಿ ಬೆಂಕಿಯ ನಂತರ ದಕ್ಷಿಣ ಸಿಯೆರಾದಲ್ಲಿ ರೇಡಿಯೊ ಕಟ್ಟಿ ಹಿಂಬಾಲಿಸಿದ ಗೂಬೆಗಳು ಹಗಲು ಸುಡದ ಅಥವಾ ಸ್ವಲ್ಪ ಸುಟ್ಟ ಕಾಡಿನಲ್ಲಿ ಕೂತು, ರಾತ್ರಿ ತೀವ್ರವಾಗಿ ಸುಟ್ಟ ಜಾಗಗಳಿಗೂ ಬೇಟೆಗೆ ಹೋಗುತ್ತಿದ್ದವು. ಸುಟ್ಟ ನೆಲದಲ್ಲಿ ಪೊದೆ ಚಿಗುರಿ ಇಲಿಗಳು ಹೆಚ್ಚುವುದೇ ಅದಕ್ಕೆ ಕಾರಣವಿರಬಹುದು. ಕಿಂಗ್ ಬೆಂಕಿಯ ವಿಷಯದಲ್ಲೂ, ಗೂಬೆಗಳನ್ನು ಓಡಿಸಿದ್ದು ಬೆಂಕಿಯಲ್ಲ, ಬೆಂಕಿಯ ನಂತರ ಸತ್ತ ಮರಗಳನ್ನು ಕಡಿದು ಸಾಗಿಸಿದ ಕೆಲಸ ಎಂದು ಕೆಲವು ವಿಜ್ಞಾನಿಗಳು ವಾದಿಸಿದರು. ವರ್ಷಗಟ್ಟಲೆ ಈ ಜಗಳ ಕಟುವಾಗಿಯೇ ನಡೆಯಿತು. ನನಗೆ ಕಂಡ ಮಟ್ಟಿಗೆ ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ, ಏಕೆಂದರೆ ಸುಟ್ಟ ತುಂಡು ಎಷ್ಟು ದೊಡ್ಡದು ಎಂಬುದೇ ಇಲ್ಲಿ ನಿರ್ಣಾಯಕ: ಹಸಿರಿನ ನಡುವೆ ಚಿಕ್ಕ ಚಿಕ್ಕ ಸುಟ್ಟ ತುಂಡುಗಳಿದ್ದರೆ ಗೂಬೆ ಅವುಗಳ ಅಂಚಿನಲ್ಲಿ ಬೇಟೆಯಾಡುತ್ತದೆ, ಬೆಟ್ಟಕ್ಕೆ ಬೆಟ್ಟವೇ ಕರಿಕಂಬಗಳಾಗಿ ನಿಂತರೆ ಒಳಕ್ಕೆ ಕಾಲಿಡುವುದಿಲ್ಲ. ಹಿಂದೆ ಆಗುತ್ತಿದ್ದದ್ದು ಹೆಚ್ಚಾಗಿ ಮೊದಲ ಬಗೆಯ ಬೆಂಕಿ, ಈಗ ಆಗುತ್ತಿರುವುದು ಎರಡನೆಯದು.

ಹಾಗಾದರೆ ಥಿನ್ನಿಂಗ್ ಮಾಡಿಬಿಟ್ಟರೆ ಸಾಕೆ? ತಮ್ಮ ಲೇಖನ ಅವಸರಪಟ್ಟದ್ದು ಇಲ್ಲಿ. ಪ್ಲೂಮಾಸ್ ರಾಷ್ಟ್ರೀಯ ಅರಣ್ಯದ ಮೆಡೋ ವ್ಯಾಲಿ ಪ್ರದೇಶದಲ್ಲಿ ಥಿನ್ನಿಂಗ್ ಆಗುವ ಮುಂಚೆ ಗೂಬೆಗಳ ಏಳು ನೆಲೆಗಳಿದ್ದವು. ಕೆಲಸ ನಡೆಯುತ್ತಿದ್ದಾಗಲೂ ಅವು ಕಡಿಮೆಯಾಗಲಿಲ್ಲ. ಆ ಹೊತ್ತಿಗೆ ಎಣಿಕೆ ನಿಲ್ಲಿಸಿದ್ದರೆ, ಗೂಬೆಗೆ ಏನೂ ತೊಂದರೆಯಾಗಿಲ್ಲವೆಂಬ ವರದಿ ಸಿದ್ಧವಾಗುತ್ತಿತ್ತು. ಕೆಲಸ ಮುಗಿದು ಮೂರು ನಾಲ್ಕು ವರ್ಷ ಕಳೆದ ಮೇಲೆ ನೋಡಿದಾಗ ಉಳಿದದ್ದು ನಾಲ್ಕೇ ನೆಲೆ. ಗೂಬೆ ತನ್ನ ಜಾಗವನ್ನು ಸುಲಭವಾಗಿ ಬಿಡುವ ಹಕ್ಕಿಯಲ್ಲವೆಂದು ಮೇಲೆ ಬರೆದೆನಷ್ಟೆ. ಕಾಡು ತೆಳುವಾದ ಮೊದಲ ವಸಂತದಲ್ಲೂ ಅದು ಅದೇ ಮರದಿಂದ ಕೂಗುತ್ತದೆ; ಕೂಗಿತೆಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಅದರ ಬೇಟೆ ಕಡಿಮೆಯಾಗಿರಬಹುದು, ಮರಿ ಮಾಡದೆ ಇರಬಹುದು, ಸಂಗಾತಿ ಸತ್ತರೆ ಹೊಸಬರು ಬಾರದಿರಬಹುದು. ಇದೆಲ್ಲ ಲೆಕ್ಕಕ್ಕೆ ಸಿಗಲು ವರ್ಷಗಳು ಬೇಕು, ಆದರೆ ಅಧ್ಯಯನದ ಅನುದಾನ ಎರಡು ಮೂರು ವರ್ಷಕ್ಕೆ ಮುಗಿದುಹೋಗುತ್ತದೆ.

ಇನ್ನೊಂದು ಅಧ್ಯಯನ, 2015ರಲ್ಲಿ ಪ್ರಕಟವಾದದ್ದು, ಗಣಕದ ಮಾದರಿಯಲ್ಲಿ ಮೂವತ್ತು ವರ್ಷ ಮುಂದಕ್ಕೆ ಲೆಕ್ಕ ಹಾಕಿತು. ಬೆಂಕಿ ಬಾರದೇ ಹೋದರೆ ಥಿನ್ನಿಂಗಿನಿಂದ ಗೂಬೆಗೆ ನಷ್ಟ, ಅದೂ ಆ ಮೂವತ್ತು ವರ್ಷವೂ ಉಳಿಯುವ ನಷ್ಟ; ಬೆಂಕಿ ಬಂದರೆ ಥಿನ್ನಿಂಗ್ ಮಾಡಿದ ಕಾಡಿನಲ್ಲೇ ಗೂಬೆಗೆ ಲಾಭ. ಅಂದರೆ ಇದು ಇಂದಿನ ಖಚಿತ ನಷ್ಟವನ್ನು ನಾಳಿನ ಸಂಭವನೀಯ ಲಾಭದ ಎದುರು ತೂಗುವ ಕೆಲಸ. ಯಾವ ಇಳಿಜಾರಿಗೆ ಬೆಂಕಿ ಬರುವ ಸಂಭವ ಹೆಚ್ಚು, ಯಾವ ಕಣಿವೆಯಲ್ಲಿ ತಂಪು ಉಳಿದು ಬೆಂಕಿ ತಾನಾಗಿ ಇಳಿಯುತ್ತದೆ ಎಂದು ತಿಳಿಯದೆ ಆ ತೂಕ ಸರಿಯಾಗಿ ಬೀಳುವುದಿಲ್ಲ.

ಯಾವ ಮರವನ್ನು ಕಡಿಯುತ್ತೇವೆ ಎಂಬ ಪ್ರಶ್ನೆ ಇದೆಲ್ಲಕ್ಕಿಂತ ದೊಡ್ಡದೆಂದು ನನ್ನ ಭಾವನೆ. ಗೂಬೆಗೆ ದಟ್ಟ ನೆರಳು ಬೇಕು ಎಂದಷ್ಟೇ ಬಹುಕಾಲ ಹೇಳಲಾಗುತ್ತಿತ್ತು, ಆದ್ದರಿಂದ ಎಲ್ಲ ನೆರಳನ್ನೂ ಒಂದೇ ಎಂದು ಅಳೆಯಲಾಗುತ್ತಿತ್ತು. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಮರಗಳ ಎತ್ತರವನ್ನು ಅಳೆಯುವ ಲೈಡಾರ್ ತಂತ್ರವನ್ನು ನೂರಾರು ಗೂಬೆ ನೆಲೆಗಳ ನಕ್ಷೆಯೊಂದಿಗೆ ಹೋಲಿಸಿದ 2017ರ ಅಧ್ಯಯನವೊಂದು ಈ ತಿಳಿವಳಿಕೆಯನ್ನು ತಿದ್ದಿತು. ಗೂಬೆಗಳು ಆರಿಸಿಕೊಂಡಿದ್ದದ್ದು 48 ಮೀಟರಿಗಿಂತ ಎತ್ತರದ ಮರಗಳ ನೆರಳನ್ನು. 16 ಮೀಟರಿಗಿಂತ ಕಡಿಮೆ ಎತ್ತರದ ಮರಗಳು ಕಿಕ್ಕಿರಿದ ಜಾಗಗಳಿಂದ ಅವು ದೂರವೇ ಇದ್ದವು. ಬೆಂಕಿಗೆ ಏಣಿಯಾಗುವುದು ಆ ಕಿರಿಯ ಮರಗಳೇ. ನಾನೇ ನಡೆದ ಒಂದು ಗೂಡಿನ ಜಾಗದಲ್ಲಿ ಮೂರು ಜನ ಕೈ ಹಿಡಿದರೂ ತಬ್ಬಲಾಗದ ಶುಗರ್ ಪೈನ್ ಮರವೊಂದಿತ್ತು. ಅದರ ಬುಡದ ಸುತ್ತ ತೋಳಿನಷ್ಟು ದಪ್ಪದ ಬಿಳಿ ಫರ್ ಸಸಿಗಳು ಎಷ್ಟು ಒತ್ತಾಗಿದ್ದವೆಂದರೆ, ಬೆನ್ನ ಚೀಲವನ್ನು ಬಿಚ್ಚಿ ಮುಂದೆ ಹಿಡಿದು ಪಕ್ಕಕ್ಕೆ ಸರಿದು ಒಳಗೆ ಹೋಗಬೇಕಾಯಿತು. ಆ ಹಿರಿಮರ ಗೂಬೆಗೆ ಬೇಕು, ಅದರ ಸುತ್ತಲಿನ ಸಸಿಗಳು ಗೂಬೆಗೂ ಬೇಡ, ಬೆಂಕಿ ಆರಿಸುವವರಿಗೂ ಬೇಡ. ಆದರೆ ಮಿಲ್ಲಿಗೆ ಬೇಕಾದದ್ದು ಅದೇ ಹಿರಿಮರ. ಖರ್ಚು ಗಿಟ್ಟಿಸಲು ದೊಡ್ಡ ಮರಗಳನ್ನೂ ಸೇರಿಸಿ ಗುತ್ತಿಗೆ ಕೊಟ್ಟ ದಿನ ಅದು ಬೆಂಕಿ ತಡೆಯುವ ಕೆಲಸವಾಗಿ ಉಳಿಯುವುದಿಲ್ಲ, ಹಳೆಯ ನಾಟಾ ವ್ಯಾಪಾರವೇ ಆಗುತ್ತದೆ.

ಕಡಿಯುವುದರಿಂದಷ್ಟೇ ಬೆಂಕಿಯ ಬಲ ತಗ್ಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ಕಡಿದ ಮೇಲೆ ಉಳಿದ ಕೊಂಬೆ, ಸೂಜಿ ಎಲೆ, ಚಕ್ಕೆಗಳು ನೆಲದಲ್ಲೇ ಬಿದ್ದಿದ್ದರೆ ಒಂದೆರಡು ಬೇಸಿಗೆಯಲ್ಲಿ ಅವೇ ಸೌದೆಯಾಗುತ್ತವೆ. ತೆಳುಗೊಳಿಸಿ, ನಂತರ ತಂಪು ಹವೆಯಲ್ಲಿ ನಿಯಂತ್ರಿತವಾಗಿ ಸುಟ್ಟ ಜಾಗಗಳೇ ಬೆಂಕಿಯನ್ನು ಚೆನ್ನಾಗಿ ತಡೆದಿವೆ. 2021ರಲ್ಲಿ ಆರೆಗಾನಿನ ಬೂಟ್‌ಲೆಗ್ ಬೆಂಕಿ ಹೀಗೆ ಸಿದ್ಧಪಡಿಸಿದ್ದ ಕಾಡಿಗೆ ಬಂದಾಗ ನೆತ್ತಿಯಿಂದ ನೆಲಕ್ಕೆ ಇಳಿದದ್ದನ್ನು ಕಂಡವರಿದ್ದಾರೆ. ನಾನಿದ್ದ ಕಡೆ, ಕಡಿದ ಕೊಂಬೆಗಳನ್ನು ಆಳೆತ್ತರದ ರಾಶಿ ಮಾಡಿ ಮೇಲೆ ಕಾಗದ ಹೊದಿಸಿ ಇಟ್ಟಿದ್ದರು. ಎರಡನೆಯ ವರ್ಷ ಹೋದಾಗಲೂ ಅವೇ ರಾಶಿಗಳು ಹಾಗೆಯೇ ಇದ್ದವು, ಕಾಗದ ಮಾತ್ರ ಹರಿದಿತ್ತು.

ಬೇಸರದ ಸಂಗತಿಯೆಂದರೆ, ಎಣಿಕೆಯನ್ನು ಎಲ್ಲರೂ ಕೆಲಸದ ಭಾಗವೆಂದು ನೋಡದೆ ಕೆಲಸಕ್ಕೆ ಅಂಟಿದ ಖರ್ಚೆಂದು ನೋಡುತ್ತಾರೆ. 2022ರ ಜನವರಿಯಲ್ಲಿ ಅರಣ್ಯ ಸೇವೆ ಪ್ರಕಟಿಸಿದ ಹತ್ತು ವರ್ಷಗಳ ಯೋಜನೆ ರಾಷ್ಟ್ರೀಯ ಅರಣ್ಯಗಳಲ್ಲಿ ಹೆಚ್ಚುವರಿಯಾಗಿ 2 ಕೋಟಿ ಎಕರೆ, ಇತರ ಜಮೀನಿನಲ್ಲಿ 3 ಕೋಟಿ ಎಕರೆಯವರೆಗೆ ಇಂಥ ಕೆಲಸ ಮಾಡುವ ಗುರಿ ಇಟ್ಟುಕೊಂಡಿದೆ. ಇಷ್ಟು ವಿಸ್ತಾರದಲ್ಲಿ ಕೈ ಹಾಕುವಾಗ ಎಣಿಕೆಯಿಲ್ಲದೆ ಹೋಗುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಎಣಿಕೆ ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆಂಬುದೂ ನಿಜವಲ್ಲ. 2019ರ ಸೆಪ್ಟೆಂಬರಿನಲ್ಲಿ ಅರಿಜೋನಾದ ಕೇಂದ್ರ ನ್ಯಾಯಾಲಯವೊಂದು ಅರಿಜೋನಾ ಮತ್ತು ನ್ಯೂ ಮೆಕ್ಸಿಕೊದ ರಾಷ್ಟ್ರೀಯ ಅರಣ್ಯಗಳಲ್ಲಿ ಮರ ಕಡಿಯುವ ಕೆಲಸಗಳನ್ನು ತಡೆಹಿಡಿದದ್ದು, ಮೆಕ್ಸಿಕೊ ಚುಕ್ಕೆ ಗೂಬೆಯ ಸಂಖ್ಯೆ ಏನಾಗುತ್ತಿದೆ ಎಂಬುದರ ಮೇಲೆ ಕೊಟ್ಟ ಮಾತಿನಂತೆ ಕಣ್ಣಿಟ್ಟಿರಲಿಲ್ಲ ಎಂಬ ಕಾರಣಕ್ಕೆ. ಕೆಲಸವನ್ನು ನಿಲ್ಲಿಸಿದ್ದು ಗೂಬೆಯಲ್ಲ, ಗೂಬೆಯನ್ನು ಎಣಿಸದೆ ಇದ್ದದ್ದು.

ಈಗ ಸಿಯೆರಾದ ಉದ್ದಕ್ಕೂ ಮರಗಳಿಗೆ ಧ್ವನಿಮುದ್ರಕಗಳನ್ನು ಕಟ್ಟಿ, ಸಿಕ್ಕ ಸದ್ದಿನಲ್ಲಿ ಗೂಬೆಯ ಕೂಗನ್ನು ಗಣಕದಿಂದ ಹುಡುಕಿಸುತ್ತಾರೆ. ಇದು ನಿಜಕ್ಕೂ ದೊಡ್ಡ ಉಪಕಾರ. ಒಂದು ತಂಡ ನಡೆದು ಮುಗಿಸಲಾಗದಷ್ಟು ಕಾಡನ್ನು ಒಂದೇ ಬೇಸಿಗೆಯಲ್ಲಿ ಕೇಳಬಹುದು. ಪೂರ್ವದ ಕಾಡುಗಳಿಂದ ಬಂದು ಚುಕ್ಕೆ ಗೂಬೆಯ ಜಾಗವನ್ನು ಆಕ್ರಮಿಸುತ್ತಿರುವ ಬಾರ್ಡ್ ಔಲ್ ಎಂಬ ದೊಡ್ಡ ಗೂಬೆ ಎಲ್ಲಿಯವರೆಗೆ ಬಂದಿದೆ ಎಂಬುದೂ ಇದರಿಂದ ತಿಳಿಯುತ್ತದೆ, ಮತ್ತು ಅದು ತಿಳಿಯದಿದ್ದರೆ ಅದು ಮಾಡಿದ ಹಾನಿಯನ್ನು ಥಿನ್ನಿಂಗಿನ ಲೆಕ್ಕಕ್ಕೆ ಬರೆಯುವ ಅಪಾಯವಿದೆ. ಆದರೆ ಕೂಗಿದ್ದು ಕಳೆದ ವರ್ಷದ ಅದೇ ಹಕ್ಕಿಯೇ, ಮರಿಗಳು ಹಾರಿದವೇ ಎಂಬುದನ್ನು ತಿಳಿಯಲು ಇಲಿ ಹಿಡಿದು ಕಾಡಿಗೆ ಹೋಗುವವರು ಇನ್ನೂ ಬೇಕು. ಪ್ರತಿ ಥಿನ್ನಿಂಗ್ ಯೋಜನೆಯ ಹಣದಲ್ಲೇ, ಕೆಲಸಕ್ಕೆ ಮುಂಚಿನ ಎರಡು ವರ್ಷ ಮತ್ತು ನಂತರದ ಕನಿಷ್ಠ ಐದಾರು ವರ್ಷಗಳ ಎಣಿಕೆಗೆ ಪಾಲು ತೆಗೆದಿಡಬೇಕು. ಪಕ್ಕದಲ್ಲಿ ಥಿನ್ನಿಂಗ್ ಮಾಡದ ಒಂದಷ್ಟು ಕಾಡನ್ನು ಹೋಲಿಕೆಗೆಂದು ಬಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಮ್ಮ ಪತ್ರಿಕೆ ಈ ವಿಷಯಕ್ಕೆ ಮತ್ತೆ ಬರುವಾಗ, ಎಷ್ಟು ಎಕರೆ ತೆಳುಗೊಳಿಸಿದರು ಎಂಬ ಅಂಕಿಯ ಜೊತೆಗೆ, ಯಾವ ಗಾತ್ರದ ಮರಗಳನ್ನು ಕಡಿದರು, ಕಡಿದ ಕೊಂಬೆಗಳನ್ನು ಸುಟ್ಟರೇ ಬಿಟ್ಟರೇ, ಆ ಜಾಗದ ಗೂಬೆಗಳನ್ನು ಕೊನೆಯ ಸಲ ಎಣಿಸಿದ್ದು ಯಾವ ವರ್ಷ ಎಂಬುದನ್ನೂ ಕೇಳಿ ಬರೆಯಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗಳು